ಸಾಂಸ್ಕೃತಿಕ ಕಾರ್ಯಕ್ರಮಗಳ ಧ್ವನಿಮುದ್ರಣ: ಮೈಕ್ ಕೇಬಲ್‌ಗಳ ಜೋಡಣೆ ಕುರಿತು ಅರ್ಜಿದಾರರಿಗೆ ಮಾಹಿತಿ

(ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಕಲಾವಿದರು, ಕಲಾತಂಡಗಳು ಹಾಗೂ ಸಂಘ ಸಂಸ್ಥೆಗಳ ಉಪಯೋಗಕ್ಕಾಗಿ)

1. ಪೀಠಿಕೆ

ಕೋಲಾರ ಜಿಲ್ಲೆಯ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ತತ್ವಪದ, ಭಜನೆ, ಕೇಳಿಕೆ, ಕೋಲಾಟ, ಹರಿಕಥೆ, ಸೋಬಾನೆ ಪದ, ತಮಟೆ ವಾದನ ಮೊದಲಾದ ಕಲೆಗಳು ಇಂದಿಗೂ ಬಳಕೆಯಲ್ಲಿವೆ. ಗಡಿ ಭಾಗದ ಗ್ರಾಮಗಳಲ್ಲಿ ಒಬ್ಬರೇ ಹಾಡುಗಾರರು ಒಂದೇ ರಾತ್ರಿ ಕನ್ನಡ ಮತ್ತು ತೆಲುಗು ಎರಡೂ ಭಾಷೆಗಳ ಪದಗಳನ್ನು ಹಾಡುವುದುಂಟು. ಇಂತಹ ಹಲವು ಪದಗಳು ಬರಹಕ್ಕೆ ಇಳಿದಿರುವುದಿಲ್ಲ. ಹಿರಿಯ ಕಲಾವಿದರ ಕಂಠದಲ್ಲಿ ಮಾತ್ರ ಉಳಿದಿರುತ್ತವೆ.

ಧನಸಹಾಯ, ಪ್ರಾಯೋಜನೆ ಮುಂತಾದ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸುವ ಕಲಾತಂಡಗಳು ತಮ್ಮ ಪ್ರದರ್ಶನದ ಧ್ವನಿಮುದ್ರಿಕೆಯನ್ನು ಸಿದ್ಧಪಡಿಸಿಕೊಳ್ಳುವುದು ರೂಢಿಯಲ್ಲಿದೆ. ಕಲಾವಿದರು ಉತ್ತಮವಾಗಿ ಹಾಡಿದ್ದರೂ ಮುದ್ರಿಕೆಯಲ್ಲಿ "ಗುಂಯ್" ಎಂಬ ಸದ್ದು ತುಂಬಿಕೊಂಡು ಸಾಹಿತ್ಯವೂ ಶ್ರುತಿಯೂ ತಿಳಿಯದಂತಾಗುವ ಸಂದರ್ಭಗಳು ಉಂಟು. ಇಂತಹ ಬಹುಪಾಲು ಸಂದರ್ಭಗಳಲ್ಲಿ ದೋಷವಿರುವುದು ಮೈಕ್‌ನಲ್ಲಾಗಲೀ ಮುದ್ರಣ ಯಂತ್ರದಲ್ಲಾಗಲೀ ಅಲ್ಲ. ಇವೆರಡನ್ನೂ ಸೇರಿಸುವ ಕೇಬಲ್ ಮತ್ತು ಅದನ್ನು ಎಳೆದಿರುವ ಕ್ರಮದಲ್ಲಿ. ವಯೋವೃದ್ಧ ಕಲಾವಿದರಿಂದ ಅದೇ ಪದವನ್ನು ಮತ್ತೊಮ್ಮೆ ಹಾಡಿಸುವ ಅವಕಾಶ ಎಲ್ಲ ವೇಳೆ ದೊರೆಯುವುದಿಲ್ಲ. ಆದ್ದರಿಂದ ಹೆಚ್ಚಿನ ವೆಚ್ಚವಿಲ್ಲದೆ ಅನುಸರಿಸಬಹುದಾದ ಕ್ರಮಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗೆ ನೀಡಲಾಗಿದೆ.

2. ಅಡಚಣೆ ಉಂಟಾಗಲು ಕಾರಣ

ಮೈಕ್ ಧ್ವನಿಯನ್ನು ಅತ್ಯಂತ ಕ್ಷೀಣವಾದ ವಿದ್ಯುತ್ ಸಂಕೇತವಾಗಿ ಪರಿವರ್ತಿಸುತ್ತದೆ. ಹಾಡುಗಾರರು ಸಮೀಪದಿಂದ ಹಾಡಿದಾಗ ಸಾಮಾನ್ಯ ಡೈನಮಿಕ್ ಮೈಕ್‌ನಿಂದ ಹೊರಬರುವುದು ಕೆಲವೇ ಮಿಲಿವೋಲ್ಟ್‌ಗಳು. ವೇದಿಕೆಯ ದೀಪಗಳಿಗೆ ಹೋಗುವ ವೈರಿನಲ್ಲಿರುವುದು 230 ವೋಲ್ಟ್. ಮೈಕ್‌ನ ಸಂಕೇತವನ್ನು 2 ಮಿಲಿವೋಲ್ಟ್ ಎಂದು ಎಣಿಸಿದರೆ, ಪಕ್ಕದ ವೈರಿನ ವಿದ್ಯುತ್ ಒತ್ತಡವು ಅದರ ಒಂದು ಲಕ್ಷ ಪಟ್ಟಿಗೂ ಮಿಗಿಲಾಗುತ್ತದೆ. ಎರಡೂ ವೈರುಗಳನ್ನು ಒಟ್ಟಿಗೆ ಕಟ್ಟಿ ಎಳೆದಾಗ ದೊಡ್ಡದರ ಪ್ರಭಾವ ಚಿಕ್ಕದರ ಮೇಲೆ ಬೀಳುವುದು ಸಹಜ. ಮಿಕ್ಸರ್ ಅಥವಾ ಮುದ್ರಣ ಯಂತ್ರವು ಧ್ವನಿಯನ್ನು ನೂರಾರು ಪಟ್ಟು ಹಿಗ್ಗಿಸುವಾಗ ಹೀಗೆ ನುಸುಳಿದ ಸದ್ದೂ ಅಷ್ಟೇ ಪಟ್ಟು ಹಿಗ್ಗುತ್ತದೆ.

ಜಿಲ್ಲೆಗೆ ವಿದ್ಯುತ್ ತಂತಿಗಳು ಹೊಸತಲ್ಲ. ಕೋಲಾರ ಚಿನ್ನದ ಗಣಿಗಳಿಗೆ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರ ತಂತಿ ಎಳೆದು 1902ರಲ್ಲಿಯೇ ವಿದ್ಯುತ್ ಪೂರೈಸಲಾಯಿತು. ಇಂದು ಗ್ರಾಮದ ಸಮುದಾಯ ಭವನದ ಪಕ್ಕದಲ್ಲಿಯೇ ವಿದ್ಯುತ್ ಪರಿವರ್ತಕ, ಕೊಳವೆಬಾವಿಯ ಮೋಟಾರು ಮತ್ತು ಸ್ಟಾರ್ಟರ್, ಹಾಲು ಶೀತಲೀಕರಣ ಯಂತ್ರ, ಜಾತ್ರೆಯ ಸೀರಿಯಲ್ ಸೆಟ್ ದೀಪಗಳು ಇರುವುದು ಸಾಮಾನ್ಯ. ಇವೆಲ್ಲವುಗಳ ನಡುವೆಯೇ ಮುದ್ರಣ ನಡೆಯಬೇಕಾಗಿರುವುದರಿಂದ ಕೇಬಲ್‌ಗಳ ಬಗ್ಗೆ ಮುಂಜಾಗ್ರತೆ ಅಗತ್ಯ.

3. ಸದ್ದನ್ನು ಕೇಳಿ ಕಾರಣ ಗುರುತಿಸುವುದು

ಅಡಚಣೆಯ ಸ್ವರೂಪವನ್ನು ಹೆಡ್‌ಫೋನ್‌ನಲ್ಲಿ ಗಮನಿಸಿದಲ್ಲಿ ಕಾರಣವನ್ನು ಬಹುಮಟ್ಟಿಗೆ ತಿಳಿಯಬಹುದಾಗಿದೆ.

ಅ) ತಗ್ಗು ಶ್ರುತಿಯ, ಒಂದೇ ಸಮನೆ ಇರುವ "ಗುಂಯ್" ಸದ್ದು: ವಿದ್ಯುತ್ ವೈರು ಅಥವಾ ಅಡಾಪ್ಟರ್‌ನ ಸಾಮೀಪ್ಯ, ಇಲ್ಲವೇ ಎರಡು ಕಡೆ ಅರ್ಥಿಂಗ್ ಆಗಿರುವುದು. ನಮ್ಮ ದೇಶದ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 50 ಆದ್ದರಿಂದ ಈ ಸದ್ದು 50 ಮತ್ತು 100 ಹರ್ಟ್ಸ್‌ನಲ್ಲಿ ಕೇಳಿಬರುತ್ತದೆ.

ಆ) ಹರಿತವಾದ "ಜಿರ್" ಸದ್ದು: ದೀಪಗಳ ಡಿಮ್ಮರ್, ಸೀರಿಯಲ್ ಸೆಟ್‌ನ ನಿಯಂತ್ರಕ, ಕಳಪೆ ಎಲ್‌ಇಡಿ ದೀಪ ಅಥವಾ ಲ್ಯಾಪ್‌ಟಾಪ್ ಚಾರ್ಜರ್.

ಇ) ಕೇಬಲ್ ಅಲುಗಿದಾಗ ಮಾತ್ರ ಬರುವ "ಪಟಪಟ" ಸದ್ದು: ಪಿನ್‌ನ ಬೆಸುಗೆ ಬಿಟ್ಟಿರುವುದು ಅಥವಾ ಒಳಗಿನ ಎಳೆ ತುಂಡಾಗಿರುವುದು.

ಈ) ಬಿಟ್ಟು ಬಿಟ್ಟು ಬರುವ "ಟಿರ್ ಟಿರ್ ಟಿರ್" ಸದ್ದು: ಸಮೀಪದ ಮೊಬೈಲ್ ದೂರವಾಣಿ. ವಿಶೇಷವಾಗಿ 2ಜಿ ಜಾಲದಲ್ಲಿರುವ ಕೀಪ್ಯಾಡ್ ಫೋನ್‌ಗಳು.

ಉ) ದಪ್ಪನೆಯ "ಧಡ್" ಸದ್ದು: ಕೇಬಲ್ ಅಥವಾ ಸ್ಟ್ಯಾಂಡಿಗೆ ಕಾಲು ತಗುಲಿರುವುದು. ಇದು ವಿದ್ಯುತ್ ದೋಷವಲ್ಲ.

100 ಹರ್ಟ್ಸ್‌ನ ಸದ್ದು ಗಂಡು ಕಂಠದ ಕೆಳಸ್ಥಾಯಿ ಮತ್ತು ತಂಬೂರಿಯ ಶ್ರುತಿ ಇರುವ ಜಾಗದಲ್ಲಿಯೇ ಬರುವುದನ್ನು ಗಮನಿಸತಕ್ಕದ್ದು. ಮಿಕ್ಸರ್‌ನಲ್ಲಿರುವ ಮಂದ್ರ ಕಡಿತದ ಗುಂಡಿಯು ಸಾಮಾನ್ಯವಾಗಿ 80 ಹರ್ಟ್ಸ್‌ನ ಆಸುಪಾಸಿನಿಂದ ಕೆಳಗಿನದನ್ನು ತಗ್ಗಿಸುತ್ತದೆಯೇ ಹೊರತು 100 ಹರ್ಟ್ಸ್‌ನ ಸದ್ದನ್ನು ತೆಗೆಯುವುದಿಲ್ಲ. ಅದನ್ನೂ ತೆಗೆಯಲು ಹೋದಲ್ಲಿ ತತ್ವಪದ ಹಾಡುವವರ ಕಂಠವೇ ತೆಳುವಾಗುತ್ತದೆ. ಆದ್ದರಿಂದ ಸದ್ದು ಒಳಬಾರದಂತೆ ನೋಡಿಕೊಳ್ಳುವುದೇ ಸರಿಯಾದ ಮಾರ್ಗ.

4. ಕೇಬಲ್‌ನ ಆಯ್ಕೆ

ಮೈಕ್ ಕೇಬಲ್‌ಗಳಲ್ಲಿ ಎರಡು ವಿಧಗಳಿವೆ. ಮೊದಲನೆಯದರಲ್ಲಿ ಸಂಕೇತಕ್ಕೆ ಒಂದೇ ಎಳೆ ಹಾಗೂ ಅದನ್ನು ಸುತ್ತುವರಿದ ತಂತಿಯ ಹೆಣಿಗೆ ಇರುತ್ತದೆ. ಎರಡನೆಯದಾದ ಸಮತೋಲಿತ ಕೇಬಲ್‌ನಲ್ಲಿ ಒಂದಕ್ಕೊಂದು ಹೊಸೆದ ಎರಡು ಎಳೆಗಳು ಮತ್ತು ಹೊರಗಿನ ಹೆಣಿಗೆ ಇರುತ್ತದೆ. ಇದರ ತುದಿಗಳಲ್ಲಿ ಎಕ್ಸ್‌ಎಲ್‌ಆರ್ ಎಂಬ ಮೂರು ಪಿನ್‌ಗಳ ಜಾಕ್ ಇರುತ್ತದೆ. 1ನೇ ಪಿನ್ ಹೆಣಿಗೆಗೂ 2 ಮತ್ತು 3ನೇ ಪಿನ್‌ಗಳು ಎರಡು ಎಳೆಗಳಿಗೂ ಸೇರಿರುತ್ತವೆ.

ಸಮತೋಲಿತ ಕೇಬಲ್ ಕೆಲಸ ಮಾಡುವ ರೀತಿಯನ್ನು ತಕ್ಕಡಿಯ ಉದಾಹರಣೆಯಿಂದ ತಿಳಿಯಬಹುದು. ತಕ್ಕಡಿಯ ಎರಡೂ ತಟ್ಟೆಗಳ ಮೇಲೆ ಒಂದೇ ಪ್ರಮಾಣದ ಧೂಳು ಬಿದ್ದರೆ ಮುಳ್ಳು ಅಲುಗುವುದಿಲ್ಲ. ಅದೇ ರೀತಿ ಹೊರಗಿನ ಅಡಚಣೆಯು ಹೊಸೆದ ಎರಡೂ ಎಳೆಗಳ ಮೇಲೆ ಸಮನಾಗಿ ಬೀಳುತ್ತದೆ. ಮಿಕ್ಸರ್ ಎರಡು ಎಳೆಗಳ ನಡುವಿನ ವ್ಯತ್ಯಾಸವನ್ನು ಮಾತ್ರ ಸ್ವೀಕರಿಸುವುದರಿಂದ ಅಡಚಣೆ ಕಳೆದುಹೋಗಿ ಧ್ವನಿ ಮಾತ್ರ ಉಳಿಯುತ್ತದೆ. ತಂತಿಗಳನ್ನು ಜೋಡಿಯಾಗಿ ಹೊಸೆಯುವ ಈ ಉಪಾಯಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರು ದೂರವಾಣಿಗಾಗಿ 1881ರಲ್ಲಿಯೇ ಅಮೆರಿಕದಲ್ಲಿ ಹಕ್ಕುಪತ್ರ ಪಡೆದಿದ್ದರು.

ಕೇಬಲ್ ಖರೀದಿಸುವಾಗ ಅಥವಾ ಬಾಡಿಗೆಗೆ ಪಡೆಯುವಾಗ ಕೆಳಕಂಡ ಅಂಶಗಳನ್ನು ಪರಿಶೀಲಿಸತಕ್ಕದ್ದು.

ಅ) ಎರಡೂ ತುದಿಗಳಲ್ಲಿ ಮೂರು ಪಿನ್‌ಗಳ ಜಾಕ್ ಇರಬೇಕು. ಒಂದು ತುದಿಯಲ್ಲಿ ಮೂರು ಪಿನ್, ಇನ್ನೊಂದು ತುದಿಯಲ್ಲಿ ಎರಡೇ ಸಂಪರ್ಕಗಳ ದಪ್ಪ ಜಾಕ್ ಇರುವ ಕೇಬಲ್‌ಗಳು ಬಾಡಿಗೆ ಅಂಗಡಿಗಳಲ್ಲಿ ಹೇರಳವಾಗಿ ದೊರೆಯುತ್ತವೆ. ಇವುಗಳಲ್ಲಿ ಒಂದು ಎಳೆಯನ್ನು ಹೆಣಿಗೆಗೇ ಸೇರಿಸಿರುವುದರಿಂದ ಮೇಲೆ ಹೇಳಿದ ಪ್ರಯೋಜನ ದೊರೆಯುವುದಿಲ್ಲ.

ಆ) ದಪ್ಪ ಜಾಕ್‌ನ ಕೇಬಲ್ ಬಳಸುವುದು ಅನಿವಾರ್ಯವಾದಲ್ಲಿ ಅದರ ಉದ್ದ 5 ಮೀಟರ್‌ಗೆ ಮೀರದಂತೆ ನೋಡಿಕೊಳ್ಳುವುದು. ಸಮತೋಲಿತ ಕೇಬಲ್‌ಗಳನ್ನು 30 ರಿಂದ 50 ಮೀಟರ್‌ವರೆಗೆ ಯಾವುದೇ ತೊಂದರೆಯಿಲ್ಲದೆ ಎಳೆಯಬಹುದಾಗಿದೆ.

ಇ) 48 ವೋಲ್ಟ್ ವಿದ್ಯುತ್ ಬೇಡುವ ಕಂಡೆನ್ಸರ್ ಮೈಕ್‌ಗಳಿಗೆ ಮೂರೂ ಪಿನ್‌ಗಳ ಸಂಪರ್ಕ ಸರಿಯಾಗಿರುವುದು ಕಡ್ಡಾಯ. ಇವುಗಳನ್ನು ಜೋಡಿಸುವ ಅಥವಾ ತೆಗೆಯುವ ಮುನ್ನ ಮಿಕ್ಸರ್‌ನಲ್ಲಿ ಧ್ವನಿಯ ಮಟ್ಟವನ್ನು ಪೂರ್ಣವಾಗಿ ಇಳಿಸುವುದು.

ಈ) ಇನ್ಸುಲೇಷನ್ ಟೇಪ್ ಸುತ್ತಿ ನಡುವೆ ತೇಪೆ ಹಾಕಿದ ಕೇಬಲ್‌ಗಳನ್ನು ಮುದ್ರಣಕ್ಕೆ ಬಳಸದಿರುವುದು. ತೇಪೆಯ ಜಾಗದಲ್ಲಿ ಹೆಣಿಗೆ ಬಿಟ್ಟುಹೋಗಿರುವ ಸಾಧ್ಯತೆ ಹೆಚ್ಚು.

5. ಕೇಬಲ್ ಎಳೆಯುವ ಕ್ರಮ

ಅ) ವೇದಿಕೆಯ ಒಂದು ಬದಿಯನ್ನು ವಿದ್ಯುತ್ ವೈರುಗಳಿಗೂ ಇನ್ನೊಂದು ಬದಿಯನ್ನು ಮೈಕ್ ಕೇಬಲ್‌ಗಳಿಗೂ ಮೀಸಲಿಡುವುದು. ಶಾಮಿಯಾನದವರು ದೀಪದ ವೈರು ಎಳೆಯುವ ಮುನ್ನವೇ ಈ ಬಗ್ಗೆ ಅವರಿಗೆ ತಿಳಿಸುವುದು ಸೂಕ್ತ.

ಆ) ಎರಡೂ ಒಂದೇ ದಿಕ್ಕಿನಲ್ಲಿ ಸಾಗಬೇಕಾದಲ್ಲಿ ನಡುವೆ ಕನಿಷ್ಠ 30 ಸೆಂ.ಮೀ. ಅಂತರವಿರಬೇಕು. ಅಂತರ ಹೆಚ್ಚಿದಷ್ಟೂ ಅಡಚಣೆ ಕುಗ್ಗುತ್ತದೆ. ಎರಡನ್ನೂ ಒಟ್ಟಿಗೆ ಒಂದೇ ಕಂಬಕ್ಕೆ ಸುತ್ತಬಾರದು.

ಇ) ಒಂದನ್ನೊಂದು ದಾಟಲೇಬೇಕಾದ ಕಡೆ ನೇರ ಅಡ್ಡವಾಗಿ, ಅಂದರೆ ಕೂಡಿಸುವ ಚಿಹ್ನೆಯ ಆಕಾರದಲ್ಲಿ ದಾಟಿಸುವುದು. ಆಗ ಎರಡೂ ವೈರುಗಳು ಅಕ್ಕಪಕ್ಕ ಸಾಗುವ ಉದ್ದ ಅತ್ಯಲ್ಪವಾಗುವುದರಿಂದ ಅಡಚಣೆಯೂ ಅತ್ಯಲ್ಪವಾಗಿರುತ್ತದೆ.

ಈ) ಉಳಿದ ಕೇಬಲ್ ಅನ್ನು ಆಂಪ್ಲಿಫೈಯರ್, ಅಡಾಪ್ಟರ್ ಅಥವಾ ಸ್ಟೆಬಿಲೈಸರ್ ಮೇಲೆ ಸುರುಳಿ ಸುತ್ತಿ ಇಡಬಾರದು. ಮೈಕ್ ಸ್ಟ್ಯಾಂಡ್‌ನ ಬುಡದಲ್ಲಿ ಸಡಿಲವಾಗಿ ಇರಿಸುವುದು. ಇದರಿಂದ ಯಾರಾದರೂ ಎಡವಿದರೂ ಮೈಕ್ ಉರುಳುವುದಿಲ್ಲ.

ಉ) ವಿದ್ಯುತ್ ವೈರಿನ ರೀಲ್ ಬಳಸಿದಲ್ಲಿ ಅದನ್ನು ಪೂರ್ಣವಾಗಿ ಬಿಚ್ಚುವುದು. ಸುತ್ತಿದ ಸ್ಥಿತಿಯಲ್ಲಿಯೇ ಹೆಚ್ಚಿನ ಹೊರೆ ಹಾಕಿದರೆ ವೈರು ಬಿಸಿಯಾಗಿ ಹೊದಿಕೆ ಕರಗುವ ಅಪಾಯವಿದೆ.

ಊ) ಕೋಲಾಟ, ತಮಟೆ ಮುಂತಾದ ಕುಣಿತವಿರುವ ಕಲೆಗಳಲ್ಲಿ ಕೇಬಲ್ ಅನ್ನು ಕುಣಿತದ ಆವರಣದ ಹೊರಗಿನಿಂದ ತರುವುದು. ದಾರಿಗೆ ಅಡ್ಡ ಬರುವ ಕಡೆ ಅಗಲವಾದ ಬಟ್ಟೆಯ ಟೇಪ್‌ನಿಂದ ನೆಲಕ್ಕೆ ಅಂಟಿಸಿ ಮೇಲೆ ರಬ್ಬರ್ ಚಾಪೆ ಹಾಸುವುದು.

ಋ) ಬೆಟ್ಟದ ತಪ್ಪಲಿನಲ್ಲಿ ಹಾಗೂ ಕೆರೆಯ ಅಂಚಿನಲ್ಲಿ ರಾತ್ರಿ ಕಾರ್ಯಕ್ರಮ ನಡೆಯುವಾಗ ಇಬ್ಬನಿಯಿಂದ ನೆಲ ಒದ್ದೆಯಾಗುತ್ತದೆ. ಕೇಬಲ್‌ಗಳು ಕೂಡುವ ಜಾಗವನ್ನು ಇಟ್ಟಿಗೆ ಅಥವಾ ಹಲಗೆಯ ಮೇಲೆ ಇರಿಸಿ ಪ್ಲಾಸ್ಟಿಕ್ ಹಾಳೆ ಹೊದಿಸುವುದು.

ಕಾರ್ಯಕ್ರಮ ಮುಗಿದ ನಂತರ ಕೇಬಲ್ ಅನ್ನು ಮೊಣಕೈಗೆ ಬಿಗಿಯಾಗಿ ಸುತ್ತುವ ಅಭ್ಯಾಸವನ್ನು ಕೈಬಿಡುವುದು. ಹಾಗೆ ಸುತ್ತಿದಾಗ ಒಳಗಿನ ಎಳೆಗಳು ತಿರುಚಿಕೊಂಡು ಕಾಲಕ್ರಮೇಣ ತುಂಡಾಗುತ್ತವೆ. ಒಂದು ಸುತ್ತು ಒಳಮುಖವಾಗಿ, ಮುಂದಿನ ಸುತ್ತು ಹೊರಮುಖವಾಗಿ ಬರುವಂತೆ ಅಗಲವಾಗಿ ಸುತ್ತಿದಲ್ಲಿ ಕೇಬಲ್ ಹಲವು ವರ್ಷ ಬಾಳುತ್ತದೆ.

6. ವಿದ್ಯುತ್ ಪೂರೈಕೆ ಮತ್ತು ಅರ್ಥಿಂಗ್

ಮಿಕ್ಸರ್ ಒಂದು ಕಡೆಯ ಪ್ಲಗ್‌ನಿಂದ, ಲ್ಯಾಪ್‌ಟಾಪ್ ಮತ್ತೊಂದು ಕಡೆಯ ಪ್ಲಗ್‌ನಿಂದ ವಿದ್ಯುತ್ ಪಡೆದಾಗ ಎರಡರ ನಡುವೆ ಭೂಮಿಗೆ ಎರಡು ದಾರಿಗಳು ಏರ್ಪಡುತ್ತವೆ. ಈ ಎರಡು ದಾರಿಗಳು ಧ್ವನಿ ಕೇಬಲ್‌ನ ಹೆಣಿಗೆಯ ಮೂಲಕ ಒಂದು ವರ್ತುಲವಾಗಿ, ಅದರಲ್ಲಿ ಹರಿಯುವ ಅಲ್ಪ ವಿದ್ಯುತ್ತೇ "ಗುಂಯ್" ಸದ್ದಾಗಿ ಕೇಳಿಸುತ್ತದೆ. ಧ್ವನಿಗೆ ಸಂಬಂಧಿಸಿದ ಎಲ್ಲ ಉಪಕರಣಗಳಿಗೂ ಅರ್ಥಿಂಗ್ ಸರಿಯಿರುವ ಒಂದೇ ಪ್ಲಗ್ ಪಾಯಿಂಟ್‌ನಿಂದ, ಒಂದೇ ಎಕ್ಸ್‌ಟೆನ್ಷನ್ ಬಾಕ್ಸ್ ಮೂಲಕ ವಿದ್ಯುತ್ ನೀಡುವುದು ಇದಕ್ಕೆ ಸುಲಭ ಪರಿಹಾರ. ದೀಪ, ಫ್ಯಾನ್ ಮತ್ತು ಸೀರಿಯಲ್ ಸೆಟ್‌ಗಳಿಗೆ ಪ್ರತ್ಯೇಕ ಸಂಪರ್ಕವಿರಲಿ. ಬ್ಯಾಟರಿಯಿಂದ ನಡೆಯುವ ಮುದ್ರಣ ಯಂತ್ರವಿದ್ದಲ್ಲಿ ಅದನ್ನು ಬ್ಯಾಟರಿಯಲ್ಲಿಯೇ ನಡೆಸುವುದು ಉತ್ತಮ.

ಸಾರ್ವಜನಿಕರ ವಿಶೇಷ ಗಮನಕ್ಕೆ: "ಗುಂಯ್" ಸದ್ದು ನಿಲ್ಲಿಸುವ ಸಲುವಾಗಿ ಪ್ಲಗ್‌ನ ದಪ್ಪನೆಯ ಮೂರನೇ ಪಿನ್ ಅನ್ನು ಮುರಿಯುವುದು, ಅರ್ಥಿಂಗ್ ವೈರನ್ನು ಕತ್ತರಿಸುವುದು ಅಥವಾ ಎರಡು ಪಿನ್‌ಗಳ ಅಡಾಪ್ಟರ್ ಹಾಕುವುದನ್ನು ಯಾವುದೇ ಕಾರಣಕ್ಕೂ ಮಾಡಬಾರದು. ಹೀಗೆ ಮಾಡಿದಾಗ ಸದ್ದು ನಿಲ್ಲಬಹುದು. ಆದರೆ ಆಂಪ್ಲಿಫೈಯರ್‌ನ ಒಳಗೆ ದೋಷ ಉಂಟಾದಲ್ಲಿ 230 ವೋಲ್ಟ್ ವಿದ್ಯುತ್ತು ಕೇಬಲ್‌ನ ಹೆಣಿಗೆಯ ಮೂಲಕ ಮೈಕ್‌ನ ಲೋಹದ ಮೈಗೆ ಬರುತ್ತದೆ. ಹಾಡುಗಾರರು ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತು ಅದೇ ಮೈಕ್ ಅನ್ನು ತುಟಿಗೆ ಹತ್ತಿರ ಹಿಡಿದಿರುತ್ತಾರೆ ಎಂಬುದನ್ನು ಮರೆಯಬಾರದು. ಸದ್ದು ಬಂದರೆ ಮುದ್ರಿಕೆ ಕೆಡುತ್ತದೆ. ಅರ್ಥಿಂಗ್ ತೆಗೆದರೆ ಪ್ರಾಣಕ್ಕೆ ಅಪಾಯ.

ಜನರೇಟರ್ ಬಳಸುವಲ್ಲಿ ಅದಕ್ಕೂ ಅರ್ಥಿಂಗ್ ಮಾಡಿಸುವುದು ಹಾಗೂ ಹಗ್ಗದ ಬೇಲಿ ಹಾಕಿ ವೇದಿಕೆಯಿಂದ ದೂರದಲ್ಲಿ ಇರಿಸುವುದು. ಮುಖ್ಯ ಸಂಪರ್ಕಕ್ಕೆ 30 ಮಿಲಿಆಂಪಿಯರ್ ಸಾಮರ್ಥ್ಯದ ಸೋರಿಕೆ ತಡೆ ಸ್ವಿಚ್ ಅಳವಡಿಸಿಕೊಳ್ಳುವುದು ಸುರಕ್ಷತೆಯ ದೃಷ್ಟಿಯಿಂದ ಅವಶ್ಯಕ.

7. ಧ್ವನಿವರ್ಧಕದ ವ್ಯವಸ್ಥೆಯಿಂದ ಧ್ವನಿ ಪಡೆಯುವಾಗ

ದೇವಾಲಯದ ಅಥವಾ ಸಭಾಂಗಣದ ಆಂಪ್ಲಿಫೈಯರ್‌ನಿಂದ ಮುದ್ರಣ ಯಂತ್ರಕ್ಕೆ ನೇರವಾಗಿ ವೈರು ಎಳೆದಾಗ ಮೇಲೆ ತಿಳಿಸಿದ ವರ್ತುಲ ಏರ್ಪಡುವ ಸಂಭವ ಹೆಚ್ಚು. ಇಂತಹ ಸಂದರ್ಭದಲ್ಲಿ ಎರಡರ ನಡುವೆ ಧ್ವನಿ ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರ್ ಇರುವ ಪುಟ್ಟ ಪೆಟ್ಟಿಗೆಯನ್ನು ಜೋಡಿಸತಕ್ಕದ್ದು. ಇದು ಧ್ವನಿಯನ್ನು ಮುಂದಕ್ಕೆ ಬಿಟ್ಟು ಅರ್ಥಿಂಗ್‌ನ ಸಂಪರ್ಕವನ್ನು ಮಾತ್ರ ಬೇರ್ಪಡಿಸುತ್ತದೆ. ಪ್ಲಗ್‌ನ ಅರ್ಥಿಂಗ್ ಹಾಗೆಯೇ ಉಳಿಯುವುದರಿಂದ ಸುರಕ್ಷತೆಗೆ ಧಕ್ಕೆಯಿಲ್ಲ. ಆಂಪ್ಲಿಫೈಯರ್‌ನ ಸ್ಪೀಕರ್ ಸಂಪರ್ಕದಿಂದ ಮುದ್ರಣ ಯಂತ್ರದ ಮೈಕ್ ರಂಧ್ರಕ್ಕೆ ವೈರು ಕೊಡಬಾರದು, ಯಂತ್ರ ಸುಟ್ಟುಹೋಗುತ್ತದೆ.

8. ಮುದ್ರಣಕ್ಕೆ ಮುನ್ನ ಪರೀಕ್ಷೆ

ಕಾರ್ಯಕ್ರಮಕ್ಕೆ ಕನಿಷ್ಠ ಒಂದು ಗಂಟೆ ಮುಂಚಿತವಾಗಿ ಈ ಕೆಳಕಂಡ ಕ್ರಮದಲ್ಲಿ ಪರೀಕ್ಷೆ ನಡೆಸುವುದು.

(1) ಪ್ರತಿ ಕೇಬಲ್‌ನ ಮೂರೂ ಪಿನ್‌ಗಳ ಸಂಪರ್ಕವನ್ನು ಮಲ್ಟಿಮೀಟರ್‌ನಿಂದ ಪರಿಶೀಲಿಸುವುದು. 1ಕ್ಕೆ 1, 2ಕ್ಕೆ 2, 3ಕ್ಕೆ 3 ಸೇರಿರಬೇಕು. ಬೇರೆ ಪಿನ್‌ಗಳೊಂದಿಗೆ ಸಂಪರ್ಕ ಇರಬಾರದು.
(2) ಎಲ್ಲ ದೀಪಗಳು, ಫ್ಯಾನ್‌ಗಳು, ಜನರೇಟರ್ ಚಾಲನೆಯಲ್ಲಿರುವಾಗ ಎರಡು ನಿಮಿಷ ಮೌನವನ್ನೇ ಮುದ್ರಿಸಿ ಹೆಡ್‌ಫೋನ್‌ನಲ್ಲಿ ಕೇಳುವುದು.
(3) ಸದ್ದು ಇದ್ದಲ್ಲಿ ಮಿಕ್ಸರ್‌ನ ಎಲ್ಲ ಮೈಕ್‌ಗಳ ಮಟ್ಟವನ್ನೂ ಇಳಿಸಿ ಒಂದೊಂದಾಗಿ ಏರಿಸುವುದು. ಯಾವ ಮೈಕ್‌ನೊಂದಿಗೆ ಸದ್ದು ಬರುತ್ತದೆಯೋ ಅದರ ಕೇಬಲ್ ಬದಲಿಸಿ ನೋಡುವುದು.
(4) ಎಲ್ಲವನ್ನೂ ಇಳಿಸಿದರೂ ಸದ್ದು ನಿಲ್ಲದಿದ್ದಲ್ಲಿ ಲ್ಯಾಪ್‌ಟಾಪ್‌ನ ಚಾರ್ಜರ್ ತೆಗೆದು, ನಂತರ ಹೊರಗಿನ ಆಂಪ್ಲಿಫೈಯರ್‌ಗೆ ಹೋಗುವ ಕೇಬಲ್ ತೆಗೆದು ಪರೀಕ್ಷಿಸುವುದು.
(5) ಬಳಿಕ ದೀಪಗಳ ಸಾಲನ್ನು ಒಂದೊಂದಾಗಿ ಆರಿಸಿ ನೋಡುವುದು.
(6) ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸುವುದು. ಒಟ್ಟಿಗೆ ಹಲವನ್ನು ಬದಲಿಸಿದರೆ ಕಾರಣ ತಿಳಿಯುವುದಿಲ್ಲ.
(7) ಕಡೆಯದಾಗಿ ಅತಿ ಗಟ್ಟಿಯಾಗಿ ಹಾಡಿಸಿ, ತಮಟೆ ಬಾರಿಸಿ, ಸೂಚಕದಲ್ಲಿ ಧ್ವನಿಯ ಗರಿಷ್ಠ ಮಟ್ಟ ಋಣ 12 ಡೆಸಿಬೆಲ್ ಆಸುಪಾಸಿನಲ್ಲಿ ಇರುವಂತೆ ಹೊಂದಿಸುವುದು.

9. ಅನುಮತಿಗಳು

ತಾತ್ಕಾಲಿಕ ವಿದ್ಯುತ್ ಸಂಪರ್ಕಕ್ಕಾಗಿ ಬೆಸ್ಕಾಂನ ಸಂಬಂಧಪಟ್ಟ ಉಪವಿಭಾಗ ಕಚೇರಿಗೆ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. ಕಂಬದ ತಂತಿಗೆ ಕೊಕ್ಕೆ ಹಾಕಿ ವಿದ್ಯುತ್ ಪಡೆಯುವುದು ಅಪಾಯಕಾರಿಯಲ್ಲದೆ ವಿದ್ಯುಚ್ಛಕ್ತಿ ಅಧಿನಿಯಮ, 2003ರ 135ನೇ ಪ್ರಕರಣದ ಅಡಿಯಲ್ಲಿ ಅಪರಾಧವಾಗಿರುತ್ತದೆ. ವಿದ್ಯುತ್ ದೂರುಗಳಿಗೆ ಸಹಾಯವಾಣಿ 1912ಕ್ಕೆ ಕರೆ ಮಾಡಬಹುದಾಗಿದೆ.

ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರ ಪ್ರಕಾರ ಧ್ವನಿವರ್ಧಕ ಬಳಸಲು ಲಿಖಿತ ಅನುಮತಿ ಅಗತ್ಯ. ರಾತ್ರಿ 10 ರಿಂದ ಬೆಳಿಗ್ಗೆ 6 ಗಂಟೆಯವರೆಗೆ ತೆರೆದ ಸ್ಥಳಗಳಲ್ಲಿ ಧ್ವನಿವರ್ಧಕ ನಿಷಿದ್ಧ. ಸರ್ಕಾರವು ವಿಶೇಷವಾಗಿ ವಿನಾಯಿತಿ ನೀಡಿದ ದಿನಗಳು ಮಾತ್ರ ಇದಕ್ಕೆ ಹೊರತು. ಧ್ವನಿಮುದ್ರಣಕ್ಕೆ ಧ್ವನಿವರ್ಧಕ ಬೇಕಿಲ್ಲವೆಂಬುದನ್ನು ಭಜನಾ ಮಂಡಳಿಗಳು ಗಮನಿಸಬಹುದು. ರಾತ್ರಿ 10ರ ನಂತರ ಧ್ವನಿವರ್ಧಕ ಆರಿಸಿ, ಮೈಕ್‌ಗಳನ್ನು ಮುದ್ರಣ ಯಂತ್ರಕ್ಕೆ ಮಾತ್ರ ಜೋಡಿಸಿಕೊಂಡು ಪದಗಳನ್ನು ಮುದ್ರಿಸಿದಲ್ಲಿ ನಿಯಮ ಪಾಲನೆಯಾಗುತ್ತದೆ. ಆಂಪ್ಲಿಫೈಯರ್‌ನಿಂದ ಬರುವ ಅಡಚಣೆಯೂ ತಪ್ಪುತ್ತದೆ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮೈಕ್ ಮುಟ್ಟಿದಾಗ "ಗುಂಯ್" ಸದ್ದು ಕಡಿಮೆಯಾಗುತ್ತದೆ. ಇದರ ಅರ್ಥವೇನು?
ಉತ್ತರ: ಕೇಬಲ್‌ನ ಹೆಣಿಗೆ ತುಂಡಾಗಿರುವ ಅಥವಾ ಅರ್ಥಿಂಗ್ ಇಲ್ಲದಿರುವ ಸೂಚನೆ ಇದು. ಮುಟ್ಟಿದಾಗ ಬೆರಳು ಜುಮ್ಮೆಂದಲ್ಲಿ ಕೂಡಲೇ ಮುಖ್ಯ ಸ್ವಿಚ್ ಆರಿಸಿ ವಿದ್ಯುತ್ ಕೆಲಸ ಬಲ್ಲವರಿಂದ ಪರೀಕ್ಷಿಸತಕ್ಕದ್ದು.

ಪ್ರಶ್ನೆ: ದುಬಾರಿ ಕೇಬಲ್ ಕೊಳ್ಳಲೇಬೇಕೆ?
ಉತ್ತರ: ಅಗತ್ಯವಿಲ್ಲ. ಹೆಣಿಗೆ ದಟ್ಟವಾಗಿದ್ದು ಬೆಸುಗೆ ಗಟ್ಟಿಯಾಗಿರುವ ಸಾಧಾರಣ ಬೆಲೆಯ ಸಮತೋಲಿತ ಕೇಬಲ್ ಸಾಕು. ಒಂದು ಹೆಚ್ಚುವರಿ ಕೇಬಲ್ ಇರಿಸಿಕೊಳ್ಳುವುದು ಅದಕ್ಕಿಂತ ಉಪಯುಕ್ತ.

ಪ್ರಶ್ನೆ: ಮುದ್ರಣದ ನಂತರ ಕಂಪ್ಯೂಟರ್‌ನಲ್ಲಿ ಸದ್ದು ತೆಗೆಯಬಹುದೇ?
ಉತ್ತರ: ಭಾಗಶಃ ಸಾಧ್ಯ. ಆದರೆ ಕಂಠದ ಗುಣವೂ ಸ್ವಲ್ಪ ನಷ್ಟವಾಗುತ್ತದೆ. ಮೂಲ ಮುದ್ರಿಕೆಯನ್ನು ಅಳಿಸದೆ ಪ್ರತ್ಯೇಕವಾಗಿ ಕಾಯ್ದಿರಿಸತಕ್ಕದ್ದು.

ಪ್ರಶ್ನೆ: ಕಲಾತಂಡದ ಬಳಿ ಮೊಬೈಲ್ ಮಾತ್ರ ಇದೆ. ಏನು ಮಾಡಬೇಕು?
ಉತ್ತರ: ಮೊಬೈಲ್‌ನಲ್ಲಿಯೂ ಮುದ್ರಿಸಬಹುದು. ಅದನ್ನು ವಿಮಾನ ಸ್ಥಿತಿಗೆ ಬದಲಿಸಿ, ಚಾರ್ಜರ್ ತೆಗೆದು, ಹಾಡುಗಾರರಿಂದ ಸುಮಾರು ಒಂದು ಮೀಟರ್ ದೂರದಲ್ಲಿ ಮಡಿಸಿದ ಬಟ್ಟೆಯ ಮೇಲೆ ಇರಿಸುವುದು. ಕೇಬಲ್ ಇಲ್ಲದಿರುವುದರಿಂದ ಕೇಬಲ್‌ನ ಅಡಚಣೆಯೂ ಇರುವುದಿಲ್ಲ. ಅಂಗಳಕ್ಕಿಂತ ಮನೆಯೊಳಗಿನ ಶಾಂತ ಕೋಣೆ ಮೇಲು.

11. ಸೂಚನೆ

ಧ್ವನಿಮುದ್ರಿಕೆ ಸಲ್ಲಿಸಬೇಕೇ, ಯಾವ ಸ್ವರೂಪದಲ್ಲಿ ಸಲ್ಲಿಸಬೇಕು ಎಂಬುದನ್ನು ಅರ್ಜಿದಾರರು ಆಯಾ ಯೋಜನೆಯ ಮಾರ್ಗಸೂಚಿಯಲ್ಲಿ ನೋಡಿಕೊಳ್ಳತಕ್ಕದ್ದು. ಮುದ್ರಿಕೆಯ ಆರಂಭದಲ್ಲಿ ಕಲಾವಿದರ ಹೆಸರು, ಗ್ರಾಮ, ತಾಲ್ಲೂಕು, ದಿನಾಂಕ ಹಾಗೂ ಹಾಡುವ ಪದದ ಮೊದಲ ಸಾಲನ್ನು ಅವರ ಬಾಯಿಂದಲೇ ಹೇಳಿಸಿ ಮುದ್ರಿಸಿಕೊಂಡಲ್ಲಿ ಮುಂದೆ ಗುರುತಿಸಲು ಅನುಕೂಲವಾಗುತ್ತದೆ. ಹಿರಿಯ ಕಲಾವಿದರಿರುವ ತಂಡಗಳು ಅರ್ಜಿಯ ಕೊನೆಯ ದಿನಾಂಕದವರೆಗೆ ಕಾಯದೆ, ಕಲಾವಿದರ ಆರೋಗ್ಯ ಮತ್ತು ಅನುಕೂಲ ನೋಡಿಕೊಂಡು ಮುಂಚಿತವಾಗಿಯೇ ಮುದ್ರಣ ಕೈಗೊಳ್ಳುವಂತೆ ಕೋರಲಾಗಿದೆ.